ಸೊಕ್ಕೆಯ ಚಾರ್ಜರ್ ಮತ್ತು ಎರಡು ಮೂಟೆ ಉಪ್ಪು

ಸೊಕ್ಕೆಯ ಆ ಮನೆಗೆ ನಾನು ಐದು ಸಲ ಹೋಗಿ ಬಂದೆ. ಕೆಲಸ ಒಂದೇ ದಿನದ್ದು. ಗೋಡೆಗೆ ಒಂದು ಡಬ್ಬ ಕೂರಿಸಬೇಕು, ಮೀಟರ್ ಬೋರ್ಡಿನಿಂದ ಅದಕ್ಕೆ ಕೇಬಲ್ ಎಳೆಯಬೇಕು, ಅಂಗಳದಲ್ಲಿ ಗುಂಡಿ ತೋಡಿ ಅರ್ತಿಂಗ್ ಮಾಡಬೇಕು, ಡಬ್ಬದ ಕೇಬಲ್ಲಿನ ತುದಿಯ ಗನ್ನನ್ನು ಕರೆಂಟ್ ಕಾರಿಗೆ ಚುಚ್ಚಿ ಹಸಿರು ದೀಪ ತೋರಿಸಿ ಸಹಿ ಹಾಕಿಸಿಕೊಂಡು ಹೊರಡಬೇಕು. ಹೊನ್ನಾಳಿಯಲ್ಲಿ ಇಂಥವು ಎರಡು ಮಾಡಿದ್ದೆ, ನ್ಯಾಮತಿಯಲ್ಲಿ ಒಂದು. ಎಲ್ಲವೂ ಸಂಜೆ ಟೀ ಹೊತ್ತಿಗೆ ಮುಗಿದಿದ್ದವು. ಸೊಕ್ಕೆಯದು ಮಾತ್ರ ನನಗೆ ನೀರು ಕುಡಿಸಿತು.

ನನ್ನ ಅಂಗಡಿ ಚನ್ನಗಿರಿಯಲ್ಲಿ. ಕಾರು ಮಾರುವ ದಾವಣಗೆರೆಯ ಶೋರೂಮಿನವರು ಸುತ್ತಿನ ತಾಲ್ಲೂಕುಗಳಲ್ಲಿ ಚಾರ್ಜರ್ ಕೂರಿಸುವ ಕೆಲಸ ನನಗೆ ಒಪ್ಪಿಸಿದ್ದರು. ಅವರ ನಕ್ಷೆಯಲ್ಲಿ ಎಲ್ಲ ಊರೂ ಪಕ್ಕಪಕ್ಕದಲ್ಲೇ ಇರುತ್ತವೆ. ಬೆಳಿಗ್ಗೆ ಆರಕ್ಕೆ ಚನ್ನಗಿರಿ ಬಿಟ್ಟು, ದಾವಣಗೆರೆಯಲ್ಲಿ ಬಸ್ ಬದಲಿಸಿ, ಜಗಳೂರಿನಲ್ಲಿ ಮತ್ತೆ ಬದಲಿಸಿ, ಡ್ರಿಲ್ಲಿಂಗ್ ಮಿಷನ್ನು ಹೆಗಲಿಗೆ ಹಾಕಿಕೊಂಡು ಸೊಕ್ಕೆಯಲ್ಲಿ ಇಳಿಯುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ಸಂಜೆ ನಾಲ್ಕರ ಬಸ್ಸು ತಪ್ಪಿದರೆ ಅವತ್ತು ಮನೆ ಸೇರುವ ಆಸೆ ಬಿಡಬೇಕು. ಈ ನಾಲ್ಕರ ಬಸ್ಸೇ ನನ್ನ ತಲೆ ತಿಂದದ್ದು, ಮುಂದೆ ಹೇಳುತ್ತೇನೆ.

ಕಾರು ಆ ಮನೆಯ ಸೊಸೆಯದು. ಜಗಳೂರಿನ ಆಸ್ಪತ್ರೆಯಲ್ಲಿ ನರ್ಸ್. ಸ್ಕೂಟರಿನಲ್ಲಿ ಓಡಾಡುತ್ತಿದ್ದವರು ಮೂರು ತಿಂಗಳ ಹಿಂದೆ ಬಿದ್ದು, ಎಡಗೈ ಮಣಿಕಟ್ಟಿಗೆ ಪ್ಲೇಟ್ ಹಾಕಿಸಿಕೊಂಡಿದ್ದರು. ಎರಡು ದಿನ ಪ್ರಜ್ಞೆಯೇ ಇರಲಿಲ್ಲವಂತೆ. ಆ ಕೈಯಲ್ಲಿ ಸ್ಕೂಟರಿನ ಹ್ಯಾಂಡಲ್ ಹಿಡಿಯುವ ಹಾಗಿಲ್ಲ, ಗೇರ್ ಹಾಕುವ ಹಾಗೂ ಇಲ್ಲ. ಅದಕ್ಕೇ ಗೇರಿಲ್ಲದ ಈ ಕಾರು. ಬರುವ ಒಂದನೇ ತಾರೀಖಿನಿಂದ ಅವರಿಗೆ ಮಧ್ಯಾಹ್ನದ ಪಾಳಿ, ಬಿಡುವುದು ರಾತ್ರಿ ಒಂಬತ್ತಕ್ಕೆ. ಆ ಹೊತ್ತಿಗೆ ಸೊಕ್ಕೆಗೆ ಬಸ್ಸಿಲ್ಲ. ಅಷ್ಟರೊಳಗೆ ಕಾರು ಮನೆಯಲ್ಲಿ ಚಾರ್ಜ್ ಆಗದಿದ್ದರೆ ಒಂದನೇ ತರಗತಿಯ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಜಗಳೂರಿನಲ್ಲಿ ರೂಮು ಮಾಡಬೇಕು. ರೂಮೂ ನೋಡಿ ಆಗಿತ್ತು. ನಾನು ಮೊದಲ ಸಲ ಹೋದಾಗಲೇ ಜಗಲಿಯ ಮೇಲೆ ಒಂದು ಹಾಸಿಗೆ ಸುರುಳಿ, ಟ್ರ್ಯಾಕ್ಟರಿಗೆ ಕಟ್ಟುವ ನೈಲಾನ್ ಹಗ್ಗದಲ್ಲಿ ಬಿಗಿದು, ಗೋಡೆಗೆ ಒರಗಿಸಿಟ್ಟಿತ್ತು.

"ಆಗುತ್ತಲ್ರೀ, ಒಂದನೇ ತಾರೀಖಿನೊಳಗೆ?" ಎಂದು ನರ್ಸಮ್ಮ ಕೇಳಿದರು.

"ಒಂದನೇ ತಾರೀಖಾ? ಇನ್ನೂ ಮೂರು ವಾರ ಐತಲ್ಲ ಸಿಸ್ಟರ್. ನಾಳಿದ್ದಿಗೇ ಆಗುತ್ತೆ" ಎಂದೆ. ಆ ಬಾಯಿಗೆ ಅವತ್ತೇ ಬೀಗ ಹಾಕಬೇಕಿತ್ತು.

ಮೊದಲ ದಿನ ಎಲ್ಲ ನೇರವಾಗಿ ನಡೆಯಿತು. ಮನೆಗೆ ಹೆಚ್ಚಿನ ಕರೆಂಟ್ ಲೋಡ್ ಮೊದಲೇ ಮಂಜೂರಾಗಿತ್ತು. ಕಾರು ನಿಲ್ಲಿಸುವ ಶೀಟಿನ ಚಪ್ಪರದ ಗೋಡೆಗೆ ಚಾರ್ಜರ್ ಕೂರಿಸಿದೆ, ದಪ್ಪ ಕೇಬಲ್ ಎಳೆದೆ, ಬೇರೆ ಬ್ರೇಕರ್ ಕೊಟ್ಟೆ. ಹಳೆಯ ಮನೆಯ ಅರ್ತಿಂಗ್ ಎಂದರೆ ನಲ್ಲಿ ಪೈಪಿಗೆ ಸುತ್ತಿದ ಒಂದು ತಂತಿ. ಅದನ್ನು ನಂಬುವ ಹಾಗಿರಲಿಲ್ಲ. ಕಾರಿನ ಚಾರ್ಜರಿಗೆ ಅರ್ತಿಂಗ್ ಬಹಳ ಮುಖ್ಯ. ಎಲ್ಲಾದರೂ ಕರೆಂಟ್ ಸೋರಿದರೆ ಅದು ಕಾರು ಮುಟ್ಟಿದವರ ಮೈಗೆ ಹೋಗದೆ ನೆಲಕ್ಕೆ ಇಳಿಯಬೇಕು. ನೆಲದ ದಾರಿ ಸರಿಯಿಲ್ಲ ಎಂದು ಡಬ್ಬಕ್ಕೆ ಅನುಮಾನ ಬಂದರೂ ಸಾಕು, ಕೆಂಪು ದೀಪ ಹಾಕಿ ಕೂತುಬಿಡುತ್ತದೆ.

ಚಪ್ಪರದ ಪಕ್ಕದಲ್ಲೇ ಗುಂಡಿಗೆ ಗುರುತು ಹಾಕಿದೆ. ಅಲ್ಲಿಯದು ಗಟ್ಟಿ ಗರಸು ಮಣ್ಣು. ಹಾರೆ ಹಾಕಿದರೆ ಠಣ್ ಎನ್ನುತ್ತದೆ. ಆಳು ಒಳಗೆ ನಿಂತೇ ಅಗೆಯಬೇಕಾದ್ದರಿಂದ ಗುಂಡಿ ಉದ್ದಕ್ಕೆ ಹೋಯಿತು: ಐದಡಿ ಉದ್ದ, ಎರಡೂವರೆ ಅಡಿ ಅಗಲ, ಎದೆಮಟ್ಟ ಆಳ. ನಡುವೆ ಪೈಪ್ ನಿಲ್ಲಿಸಿದೆ. ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಹೀಗೆ ಮೇಲಿನ ತನಕ ತುಂಬಬೇಕು. ಉಪ್ಪು ತೇವ ಹಿಡಿದಿಡುತ್ತದೆ, ಕರೆಂಟಿಗೆ ದಾರಿ ಬಿಡುತ್ತದೆ. ಮನೆಯ ಯಜಮಾನರು, ಎಂದರೆ ನರ್ಸಮ್ಮನ ಗಂಡ, ಜಗಳೂರಿನಿಂದ ಎರಡು ಮೂಟೆ ಉಪ್ಪು, ಒಂದು ಮೂಟೆ ಇದ್ದಿಲು ತರಿಸಿಟ್ಟಿದ್ದರು.

ಗಂಟೆ ಮೂರೂಮುಕ್ಕಾಲು. ಗುಂಡಿ ತುಂಬುವ ಕೆಲಸ ಬೇರೆಯವರಿಗೆ ಬಿಡಬಾರದು ಎಂಬುದು ನನ್ನದೇ ನಿಯಮ. ಅಂದು ಬಿಟ್ಟೆ.

"ಯಜಮಾನ್ರೆ, ಒಂದು ಸಲ ಇದ್ದಿಲು, ಒಂದು ಸಲ ಉಪ್ಪು. ತುಂಬಿದ ಮೇಲೆ ಮೂರು ದಿನ ಬಿಡದಂಗೆ ನೀರು ಹಾಕ್ರಿ."

"ನೀವು ಹೊಂಡ್ರಿ ಅಣ್ಣಾ. ಅದೇನು ದೊಡ್ಡ ಕೆಲ್ಸ" ಎಂದರು ಅವರು.

ಹಿಂದೆ ಬಾಗಿಲಲ್ಲಿ ಅವರ ತಾಯಿ ನಿಂತಿದ್ದರು. ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ. ಗುಂಡಿಯನ್ನೇ ನೋಡುತ್ತಿದ್ದರು. ವಯಸ್ಸಾದವರು, ಹೊಸ ಸಾಮಾನು ಬೆರಗು ಅಂದುಕೊಂಡು ಬಸ್ಸಿಗೆ ಓಡಿದೆ.

ಎರಡನೇ ಸಲ ಹೋದಾಗ ಗುಂಡಿ ಅಚ್ಚುಕಟ್ಟಾಗಿ ಮುಚ್ಚಿತ್ತು, ಮೇಲೆ ಸಗಣಿ ಸಾರಿಸಿತ್ತು. "ಎಲ್ಲಾ ಆಗೈತ್ರಿ" ಎಂದರು ಯಜಮಾನರು. ಅರ್ತ್ ವೈರ್ ಕೂಡಿಸಿ ಬ್ರೇಕರ್ ಎತ್ತಿ ಗನ್ ಚುಚ್ಚಿದೆ. ಕೆಂಪು ದೀಪ. ತೆಗೆದು ಮತ್ತೆ ಚುಚ್ಚಿದೆ. ಕೆಂಪೇ. ಕಾರಿನ ಜೊತೆ ಬರುವ ಚಿಕ್ಕ ಚಾರ್ಜರನ್ನೂ ಅದೇ ಲೈನು, ಅದೇ ಅರ್ತಿಗೆ ಸಿಕ್ಕಿಸಿ ನೋಡಿದೆ. ಅದೂ ಅಣ್ಣನ ದಾರಿಯೇ ಹಿಡಿಯಿತು.

ಅರ್ತಿಂಗ್ ಅಳೆಯುವ ಟೆಸ್ಟರನ್ನು ನಾನು ತಂದಿರಲಿಲ್ಲ. ಚನ್ನಗಿರಿಯ ಗೆಳೆಯನೊಬ್ಬ ಅಡಿಕೆ ಗೋದಾಮಿನ ಕೆಲಸಕ್ಕೆಂದು ಒಯ್ದವನು ಹಿಂದಿರುಗಿಸಿರಲಿಲ್ಲ. ಸರಿ, ಗುರುಗಳು ಕಲಿಸಿದ ಹಳೆಯ ಉಪಾಯ ಇದೆಯಲ್ಲ. ನೂರು ವ್ಯಾಟ್ ಬಲ್ಬಿನ ಒಂದು ತಂತಿ ಫೇಸಿಗೆ, ಇನ್ನೊಂದು ಅರ್ತಿಗೆ. ಬಲ್ಬ್ ಹತ್ತಿದರೆ ಅರ್ತಿಂಗ್ ಸರಿ. ಬಲ್ಬ್ ಹತ್ತಿತು. ಬೆಳಕು ಸ್ವಲ್ಪ ಮಂಕಾಗಿತ್ತು, ನಿಜ. ಆದರೆ ಆ ಊರಿನಲ್ಲಿ ಯಾವ ಬಲ್ಬ್ ತಾನೇ ಪೂರ್ತಿ ಉರಿಯುತ್ತದೆ ಅಂದುಕೊಂಡೆ. ಅರ್ತಿಂಗ್ ಬಗ್ಗೆ ಅಲ್ಲಿಗೆ ನನ್ನ ಯೋಚನೆ ಮುಗಿಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಶುರುವಾದದ್ದು ಅಲ್ಲಿಂದಲೇ.

ಮೊದಲ ಅನುಮಾನ ಕಂಬದ ಮೇಲೆ. ಲೈನ್‌ಮನ್ನನ್ನು ಫೋನಿನಲ್ಲಿ ಬೇಡಿಕೊಂಡೆ. ಆತ ಹೊಲದ ಕಡೆಯಿಂದ ಬಂದು, ಕಂಬ ಹತ್ತಿ, ನ್ಯೂಟ್ರಲ್ ಜಾಯಿಂಟ್ ಬಿಗಿ ಮಾಡಿ ಇಳಿದ. "ನಮ್ ಕಡೆಯಿಂದ ಎಲ್ಲಾ ಸರಿ ಐತೆ. ನಿಮ್ ಡಬ್ಬದಾಗೇ ಏನಾರ ಇರಬೇಕು ನೋಡ್ರಿ" ಎಂದು ಬೈಕ್ ಹತ್ತಿದ. ದೀಪ ಕೆಂಪೇ ಇತ್ತು. ನಾಲ್ಕರ ಬಸ್ಸು.

ಮೂರನೇ ಸಲ ಇಡೀ ಮನೆಯ ವೈರಿಂಗ್ ಬಿಚ್ಚಿದೆ. ಫೇಸು, ನ್ಯೂಟ್ರಲ್ಲು ಅದಲುಬದಲಾಗಿದೆಯೇ, ಕೇಬಲ್ ಎಲ್ಲಾದರೂ ಸುಲಿದಿದೆಯೇ, ಮೀಟರಿನ ಕೆಳಗಿನ ಸ್ಕ್ರೂ ಸಡಿಲವೇ, ಒಂದೊಂದನ್ನೂ ನೋಡಿದೆ. ಚಾರ್ಜರ್ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ. ಹಾಡು ಕೇಳಿಸಿ ಕೇಳಿಸಿ, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು.

"ಸರ್, ಒಮ್ಮೆ ಬ್ರೇಕರ್ ಆಫ್ ಮಾಡಿ ಆನ್ ಮಾಡಿ."

"ಮಾಡೀನಮ್ಮಾ. ಹದಿನೈದು ಸಲ ಮಾಡೀನಿ."

"ಸರ್, ಇನ್ನೊಮ್ಮೆ ಮಾಡಿ."

ಮಾಡಿದೆ. ಆ ಹುಡುಗಿಗೆ ಬೈದು ಏನು ಪ್ರಯೋಜನ. ಅರ್ತಿಂಗ್ ನೋಡಿದ್ದೀರಾ ಎಂದೂ ಅವಳು ಕೇಳಿದಳು. "ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ ಮಾಡ್ತೀನಮ್ಮ" ಎಂದು ಗದರಿಸಿದೆ. ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಬೇರೆ ಡಬ್ಬ ಕಳಿಸುತ್ತೇವೆ ಎಂದಳು.

ಇಷ್ಟರಲ್ಲಿ ಆ ಕಾರು, ಜಗಳೂರಿನಲ್ಲಿ ಚಾರ್ಜ್ ಮಾಡುವ ಜಾಗವಿಲ್ಲದೆ, ಎರಡು ಸಲ ದಾವಣಗೆರೆಗೆ ಹೋಗಿ ಚಾರ್ಜ್ ಮಾಡಿಸಿಕೊಂಡು ಬಂದಿತ್ತು. ಹೋಗಿ ಬರುವುದರಲ್ಲೇ ಅರ್ಧ ಖಾಲಿ. ಉಪ್ಪಿನಕಾಯಿ ತರಲು ಹೋಗಿ ಊಟವೇ ಮುಗಿದ ಹಾಗೆ. ಊರಿನವರು ಚಪ್ಪರದ ಹತ್ತಿರ ನಿಂತು ನೋಡಿ ಹೋಗುತ್ತಿದ್ದರು. ನರ್ಸಮ್ಮ ನನಗೆ ಒಂದು ಗಡಸು ಮಾತೂ ಆಡಲಿಲ್ಲ. "ನೀವು ಪ್ರಯತ್ನ ಮಾಡ್ತಿದೀರಿ, ಗೊತ್ತು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೇ ಸಲ ಹೊಸ ಡಬ್ಬ ಹೊತ್ತು ಹೋದೆ. ದಾವಣಗೆರೆ ಬಸ್ಸಿನ ಕಂಡಕ್ಟರ್ ಅದನ್ನು ಮೇಲೆ ಹಾಕಿ ಎಂದ, ನಾನು ಆಗುವುದಿಲ್ಲ ಎಂದೆ, ಜಗಳೂರಿನ ತನಕ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ ಗನ್ ಚುಚ್ಚಿದೆ. ಹೊಸ ಡಬ್ಬದಲ್ಲಿ ಹೊಸ ಕೆಂಪು ದೀಪ. ಸ್ಕ್ರೂಡ್ರೈವರನ್ನು ಅಂಗಳಕ್ಕೆ ಎಸೆದೆ. ಅದು ಸಗಣಿ ಸಾರಿಸಿದ ಗುಂಡಿಯ ಮೇಲೆ ಬಿತ್ತು. ಅಜ್ಜಿ ಬಂದು ಅದನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಮರಳಿ ಬರುವ ದಾರಿಯಲ್ಲಿ, ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ, ಆ ಮಂಕು ಬಲ್ಬ್ ನೆನಪಾಯಿತು. ಹೊಸ ಡಬ್ಬವೂ, ಹಳೆಯ ಡಬ್ಬವೂ, ಕಾರಿನ ಚಿಕ್ಕ ಚಾರ್ಜರೂ ಒಂದೇ ಮಾತು ಹೇಳುತ್ತಿವೆ. ಮೂರು ಸಾಕ್ಷಿ ಒಂದು ಕಡೆ, ನಾನೊಬ್ಬ ಇನ್ನೊಂದು ಕಡೆ. ನೇರ ಗೆಳೆಯನ ಮನೆಗೆ ಹೋಗಿ, ಊಟಕ್ಕೆ ಕೂತವನನ್ನು ಎಬ್ಬಿಸಿ ನನ್ನ ಟೆಸ್ಟರ್ ಕಿತ್ತುಕೊಂಡು ಬಂದೆ.

ಐದನೇ ಸಲ ಹೋದದ್ದು ಒಂದನೇ ತಾರೀಖಿಗೆ ಎರಡು ದಿನ ಇದ್ದಾಗ. ಅಂಗಳದಲ್ಲಿ ಎರಡು ಗೂಟ ಹೊಡೆದು, ತಂತಿ ಎಳೆದು, ಟೆಸ್ಟರಿನ ಬಟನ್ ಒತ್ತಿದೆ. ಕರೆಂಟಿಗೆ ನೆಲದ ತಡೆ ಐದು ಓಮಿನ ಒಳಗೆ ಇರಬೇಕಾದದ್ದು ಎಪ್ಪತ್ತೆರಡು ತೋರಿಸಿತು. ಕರೆಂಟಿಗೆ ನೆಲದ ದಾರಿಯೇ ಇಲ್ಲ. ಇದ್ದದ್ದು ಒಂದು ಕಾಲುಹಾದಿ. ಅಷ್ಟರಲ್ಲೇ ನನ್ನ ಬಲ್ಬ್ ಹತ್ತಿ ನನ್ನನ್ನು ಏಮಾರಿಸಿತ್ತು.

"ಗುಂಡಿ ತೆಗೆಸ್ರಿ ಯಜಮಾನ್ರೆ" ಎಂದೆ.

ಅವರು ಸಲಿಕೆ ತರುವ ಮೊದಲೇ ಅಜ್ಜಿ ಬಂದು ಗುಂಡಿಯ ಮೇಲೆ ನಿಂತರು.

"ತಮ್ಮಾ, ಅದನ್ನ ಮುಟ್ಟಬ್ಯಾಡ."

"ಯಾಕಮ್ಮಾ?"

"ಮುಚ್ಚಿದ್ದು ಮುಚ್ಚೈತೆ. ಬ್ಯಾರೆ ಕಡೆ ಏನಾರ ಮಾಡ್ಕ್ಯ."

"ಅವ್ವಾ, ಸರಿ ಅತ್ಲಾಗೆ" ಎಂದು ಮಗ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡರು. ನಾನೇ ಸಲಿಕೆ ಹಾಕಿದೆ. ಒಂದಡಿ ಇಳಿದರೆ ಇದ್ದಿಲು. ಅದರ ಕೆಳಗೆ ಬೆಳ್ಳಗೆ ಉಪ್ಪು ಕಾಣಬೇಕು. ಕಂಡದ್ದು ಮರಳು. ಒಣ ಮರಳು, ಮನೆ ಕಟ್ಟಿದಾಗ ಉಳಿದದ್ದು, ಕೈಯಲ್ಲಿ ಹಿಡಿದರೆ ಸೋರುವಂಥದ್ದು. ಅದರ ಕೆಳಗೆ ಮತ್ತೆ ಇದ್ದಿಲು, ಮತ್ತೆ ಮರಳು. ಪದರ ಮಾತ್ರ ನಾನು ಹೇಳಿದ ಹಾಗೇ ಇತ್ತು. ಒಂದು ತೊಟ್ಟು ತೇವ ಇರಲಿಲ್ಲ.

"ಉಪ್ಪೆಲ್ಲಿ?" ನನ್ನ ದನಿ ಬೀದಿಗೆ ಕೇಳಿಸಿರಬೇಕು.

ಯಜಮಾನರು ಬೆಪ್ಪಾಗಿ ತಾಯಿಯ ಮುಖ ನೋಡಿದರು. ಅವತ್ತು ನಾನು ಹೊರಟ ಮೇಲೆ ಮೆಕ್ಕೆಜೋಳ ತುಂಬಲು ಲಾರಿ ಬಂತೆಂದು ಅವರು ಹೊಲಕ್ಕೆ ಓಡಿದ್ದರು. ಆಳುಗಳನ್ನು ನಿಲ್ಲಿಸಿಕೊಂಡು ತುಂಬಿಸಿದ್ದು ಅವ್ವ.

"ದನದ ಮನ್ಯಾಗೈತೆ" ಎಂದರು ಅಜ್ಜಿ. "ಎಮ್ಮೆ ಕಲಗಚ್ಚಿಗೆ ದಿನಾ ಒಂದು ಹಿಡಿ ಹಾಕ್ತಿದೀನಿ."

ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿಂದದ್ದು ಎಮ್ಮೆ, ನೀರು ಕುಡಿದದ್ದು ನಾನು. ತಡೆದುಕೊಳ್ಳಲಾಗಲಿಲ್ಲ.

"ಅಮ್ಮಾ, ಚನ್ನಗಿರಿಯಿಂದ ಐದು ಸಲ ಬಂದೀನಿ. ಕಂಬ ಹತ್ತಿಸೀನಿ, ಡಬ್ಬ ಬದಲಾಯ್ಸೀನಿ, ಕಂಪನಿಯೋರ ಜೊತೆ ಜಗಳ ಆಡೀನಿ. ಒಂದು ಮಾತು ಹೇಳಾಕೆ ಏನಾಗಿತ್ತು ನಿಮಗೆ? ನಿಮ್ಮ ಸೊಸೆ ಹಾಸಿಗೆ ಕಟ್ಕೊಂಡು ಊರು ಬಿಡಾಕೆ ನಿಂತಾಳೆ, ಗೊತ್ತೈತೋ ಇಲ್ಲೋ?"

"ಗೊತ್ತೈತೆ" ಎಂದರು ಅಜ್ಜಿ. ದನಿ ಏರಿಸಲಿಲ್ಲ. "ಹೋದ ವರ್ಷ ನಮ್ಮ ಯಜಮಾನ್ರನ್ನ, ಇವನ ಅಪ್ಪನ್ನ, ಮಣ್ಣು ಮಾಡಿದಾಗ ಕುಣಿಗೆ ಎರಡು ಮೂಟೆ ಉಪ್ಪು ಹಾಕಿದ್ರು. ಇದೇ ಕಲ್ಲುಪ್ಪು. ನೀನು ಬಂದು ಮನಿ ಬಾಗಿಲಾಗೆ ಅಷ್ಟೇ ಉದ್ದದ ಕುಣಿ ತೋಡಿಸಿದಿ. ಅಷ್ಟೇ ಉಪ್ಪು ತರಿಸಿದಿ. ಮೂರು ದಿನ ನೀರು ಬಿಡ್ರಿ ಅಂದಿ. ಆ ಹುಡುಗಿ ಒಂದು ಸಲ ಹೋಗಿ ಹೊಳ್ಳಿ ಬಂದಾಳೆ ತಮ್ಮಾ. ಅವಳು ದಿನಾ ಅದರ ಮಗ್ಗುಲಾಗೆ ಗಾಡಿ ನಿಲ್ಲಿಸಬೇಕು. ನನ್ನ ಕೈಯಾರೆ ನಾನು ಹೆಂಗೆ ಹಾಕಿಸ್ಲಿ ಆ ಉಪ್ಪು?"

ಗುಂಡಿಯ ಅಂಚಿನ ಮರಳನ್ನು ಕಾಲಿನಿಂದ ಒಳಗೆ ತಳ್ಳುತ್ತಾ ಅಜ್ಜಿಯೇ ಹೇಳಿದರು: "ಹೇಳಿದ್ರೆ ನೀವು ನಗ್ತಿದ್ರಿ."

ನಗುತ್ತಿದ್ದೆ. ಅದು ನಿಜ. ನನ್ನ ಅಪ್ಪನ ಕುಣಿಗೆ ಉಪ್ಪು ಸುರಿದದ್ದು ನಾನೇ. ಮೊಣಕೈ ತನಕ ಅಂಟಿದ್ದ ಅದರ ತೇವ ಇನ್ನೂ ನೆನಪಿದೆ. ಆದರೂ ಇಷ್ಟು ವರ್ಷ ಎಷ್ಟೋ ಮನೆಗಳ ಅಂಗಳದಲ್ಲಿ ಗುಂಡಿ ತೋಡಿಸಿ ಉಪ್ಪು ಹಾಕಿಸಿದ್ದೇನೆ, ಒಮ್ಮೆಯೂ ಇದು ತಲೆಗೆ ಹೊಳೆದಿರಲಿಲ್ಲ. ಸಿಟ್ಟು ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಜೊತೆಗೆ ನಾಚಿಕೆಯೂ ಬಂದು ಕೂತಿತು.

ಯಜಮಾನರು ನನ್ನನ್ನು ಚಪ್ಪರದ ಹಿಂದಕ್ಕೆ ಕರೆದರು. "ಅಣ್ಣಾ, ಅವ್ವನ್ನ ನಾಳೆ ಶುಗರ್ ಚೆಕ್ ಮಾಡ್ಸಾಕೆ ಅಂತ ಜಗಳೂರಿಗೆ ಕಳಿಸ್ತೀನಿ. ಅಷ್ಟರಾಗೆ ಉಪ್ಪು ಹಾಕಿ ಮುಚ್ಚಿಬಿಡ್ರಿ. ಆಕಿಗೇನು ತಿಳೀತೈತೆ?"

ಸುಲಭದ ದಾರಿ. ಗುಂಡಿ ಬಾಯಿ ತೆರೆದೇ ಇತ್ತು, ಪೈಪ್ ನಿಂತೇ ಇತ್ತು, ಉಪ್ಪು ದನದ ಕೊಟ್ಟಿಗೆಯಲ್ಲಿ ಇನ್ನೂ ಹೆಚ್ಚುಕಮ್ಮಿ ಎರಡು ಮೂಟೆ ಉಳಿದಿತ್ತು. ಎರಡು ಗಂಟೆಯ ಕೆಲಸ. ಹೂಂ ಎನ್ನಲು ಬಾಯಿ ತೆರೆದಿದ್ದೆ. ಆದರೆ ಅರ್ತಿಂಗ್ ಗುಂಡಿ ಮುಚ್ಚಿದಲ್ಲಿಗೆ ಮುಗಿಯುವುದಿಲ್ಲ. ಆ ಒಣ ಗರಸು ನೆಲದಲ್ಲಿ ಬೇಸಿಗೆಯಲ್ಲಿ ಅದಕ್ಕೆ ಯಾರಾದರೂ ನೀರು ಹಾಕುತ್ತಲೇ ಇರಬೇಕು. ಯಜಮಾನರು ಹೊಲದಲ್ಲಿ, ಸೊಸೆ ಆಸ್ಪತ್ರೆಯಲ್ಲಿ. ದಿನವಿಡೀ ಮನೆಯಲ್ಲಿ ಇರುವವರು ಅಜ್ಜಿ ಒಬ್ಬರೇ. ಅವರಿಗೆ ಬೇಡವಾದ ಗುಂಡಿ ಆ ಮನೆಯಲ್ಲಿ ಉಳಿಯುವುದಿಲ್ಲ. ಇನ್ನು ಒಂದು ದಿನ ಅವರಿಗೆ ಉಪ್ಪಿನ ವಿಷಯ ತಿಳಿದರೆ, ಸೊಸೆ ಮನೆಗೆ ಬರುವುದು ಐದು ನಿಮಿಷ ತಡವಾದಾಗಲೆಲ್ಲ ಆ ಜೀವ ಏನು ಪಡಬೇಕು? ಅದನ್ನು ನನ್ನ ತಲೆಯ ಮೇಲೆ ಹೊರಲಾರೆ ಅನ್ನಿಸಿತು.

"ಬ್ಯಾಡ್ರಿ" ಎಂದೆ. ಅಜ್ಜಿಯ ಹತ್ತಿರ ಹೋಗಿ ಕೇಳಿದೆ: "ಅಮ್ಮಾ, ಉಪ್ಪು ಹಾಕಲ್ಲ. ಈ ಗುಂಡೀನೂ ಬ್ಯಾಡ, ಮುಚ್ಚಿಸ್ತೀನಿ. ಈ ಮನ್ಯಾಗೆ ವರ್ಷವೆಲ್ಲಾ ತೇವ ಆರದ ಜಾಗ ಯಾವುದೈತೆ, ತೋರಿಸ್ರಿ."

ಅವರು ನನ್ನನ್ನು ಒಂದು ನಿಮಿಷ ಅಳೆದು ನೋಡಿ, ಹಿತ್ತಲಿಗೆ ನಡೆದರು. ಬಚ್ಚಲ ನೀರು ಹರಿದು ನಿಲ್ಲುವ ಕಡೆ ನಾಲ್ಕು ಬಾಳೆ ಗಿಡಗಳಿದ್ದವು. ಕಾಲಿಟ್ಟರೆ ಹಿಮ್ಮಡಿ ಹೂತುಹೋಗುವ ಕಪ್ಪು ಮಣ್ಣು. ಮೊದಲ ದಿನ ಹಿತ್ತಲ ಬಾಗಿಲು ತೆರೆದು ನೋಡಿದ್ದರೆ ನನ್ನ ಕಣ್ಣಿಗೂ ಬೀಳುತ್ತಿತ್ತು. ಚಪ್ಪರದ ಹತ್ತಿರವೇ ಗುರುತು ಹಾಕಿದ್ದು ತಂತಿ ಉಳಿಸಲಿಕ್ಕೆ, ಬಸ್ಸು ಹಿಡಿಯಲಿಕ್ಕೆ.

ಅವತ್ತು ನಾಲ್ಕರ ಬಸ್ಸಿಗೆ ನಾನು ಹೋಗಲಿಲ್ಲ. ದಾವಣಗೆರೆಯ ಅಂಗಡಿಗೆ ಫೋನ್ ಮಾಡಿ ತಾಮ್ರ ಲೇಪದ ಎರಡು ರಾಡು, ಉಪ್ಪಿನ ಬದಲು ಹಾಕುವ ಜೇಡಿ ಪುಡಿಯ ಚೀಲ, ಮೂವತ್ತು ಮೀಟರ್ ಅರ್ತ್ ವೈರ್ ಬಸ್ಸಿನ ಮೇಲೆ ಹಾಕಿಸಿದೆ. ಐದರ ಬಸ್ಸಿಗೆ ಜಗಳೂರಿಗೆ ಹೋಗಿ ಲಾಡ್ಜಿನಲ್ಲಿ ಮಲಗಿ ಬೆಳಿಗ್ಗೆ ಬಂದು, ಬಾಳೆ ಬುಡದ ಆಚೆ ಎರಡು ಗುಂಡಿ ತೋಡಿಸಿದೆ. ಮಣ್ಣು ಮೆತ್ತಗಿದ್ದುದರಿಂದ ಆಳು ಇಳಿಯಬೇಕಾಗಲಿಲ್ಲ. ಮೇಲೆ ಕೂತೇ ಗೇಣಗಲಕ್ಕೆ ದುಂಡಗೆ ತೋಡಿದರು, ನಾನು ಒಂದೊಂದಕ್ಕೂ ಒಂದು ರಾಡು ಇಳಿಸಿದೆ. ಅಜ್ಜಿ ಪಕ್ಕದಲ್ಲೇ ಕೂತು, ಪುಡಿಯ ಚೀಲ ಬಿಚ್ಚಿದಾಗ ಒಂದು ಚಿಟಿಕೆ ನಾಲಿಗೆಯ ಮೇಲೆ ಇಟ್ಟುಕೊಂಡು ನೋಡಿ ಉಗುಳಿದರು.

"ಸಪ್ಪಗೈತೆ. ಹಾಕ್ರಿ" ಎಂದು ಅಪ್ಪಣೆ ಕೊಟ್ಟರು. ಮೊದಲ ಕೊಡ ನೀರು ಸುರಿದವರೂ ಅವರೇ.

ಹಳೆಯ ಗುಂಡಿಯ ಪೈಪ್ ಕಿತ್ತು ಮಣ್ಣು ತುಂಬಿಸಿ, ವೈರನ್ನು ಹಿತ್ತಲಿನಿಂದ ಗೋಡೆಯುದ್ದಕ್ಕೂ ತಂದು ಚಾರ್ಜರಿಗೆ ಕೂಡಿಸುವಷ್ಟರಲ್ಲಿ ಮಧ್ಯಾಹ್ನ ಮೂರು. ಟೆಸ್ಟರ್ ಹಿಡಿದೆ. ಮೂರೂವರೆ ಓಮ್. ನಂಬಿಕೆ ಬರದೆ ಗೂಟದ ಜಾಗ ಬದಲಿಸಿ ಮತ್ತೆ ನೋಡಿದೆ. ಮೂರೂವರೆಯೇ.

ಬೆಳಗಿನ ಪಾಳಿಯ ಕೊನೆಯ ದಿನ ಮುಗಿಸಿ ನರ್ಸಮ್ಮ ಕಾರಿನಲ್ಲಿ ಬಂದರು. ಬೆಳಗಾದರೆ ಒಂದನೇ ತಾರೀಖು. ಹಾಸಿಗೆ ಸುರುಳಿ ಜಗಲಿಯ ಅಂಚಿಗೆ ಬಂದಿತ್ತು, ಐದರ ಬಸ್ಸಿನಲ್ಲಿ ಜಗಳೂರಿನ ರೂಮಿಗೆ ಕಳಿಸಲು. ಹಿತ್ತಲಿನ ಕಥೆ ಅವರಿಗೆ ಯಾರೂ ಹೇಳಿರಲಿಲ್ಲ. ಗನ್ನನ್ನು ಅವರ ಕೈಗೇ ಕೊಟ್ಟೆ. ಅವರು ಚುಚ್ಚಿದರು. ಡಬ್ಬ ಎರಡು ಸಲ ಟಕ್ ಟಕ್ ಎಂದಿತು, ದೀಪ ಹಳದಿಯಾಯಿತು, ಆಮೇಲೆ ಹಸಿರಾಗಿ ನಿಂತಿತು. ಕಾರಿನೊಳಗೆ ಏನೋ ಸಣ್ಣಗೆ ಗುಂಯ್ ಎನ್ನತೊಡಗಿತು. ಯಜಮಾನರು ತೊಡೆ ತಟ್ಟಿಕೊಂಡರು. ನರ್ಸಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ನಿಂತುಬಿಟ್ಟರು. ನಾನು ಬೇರೆ ಕಡೆ ನೋಡಿದೆ.

"ಹಸ್ರು ಆತಲ್ಲ, ಮತ್ತೆ ಕೆಂಪಾಗಲ್ಲ ತಾನೆ?" ಎಂದರು ಅಜ್ಜಿ.

"ಬಾಳೆ ಬುಡ ಒಣಗೋ ತನಕ ಆಗಲ್ಲಮ್ಮಾ."

"ಅದು ಒಣಗಾಕೆ ನಾನು ಬಿಟ್ರೆ ತಾನೆ."

ಅಜ್ಜಿ ಸೀದಾ ಜಗಲಿಗೆ ಹೋಗಿ ಹಾಸಿಗೆ ಸುರುಳಿಯ ಮುಂದೆ ಕೂತು ಗಂಟು ಬಿಚ್ಚತೊಡಗಿದರು. ಮಗ ಕಟ್ಟಿದ ಟ್ರ್ಯಾಕ್ಟರ್ ಗಂಟು, ಬಗ್ಗಲಿಲ್ಲ. ಹಲ್ಲು ಹಾಕಿ ನೋಡಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು.

"ತಮ್ಮಾ, ನಿನ್ನ ಚೀಲದಾಗೆ ಕತ್ತರಿಸಾದು ಏನಾರ ಐತೇನು?"

ಕಟಿಂಗ್ ಪ್ಲೇಯರ್ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಒಂದು ಕಡೆಯಲ್ಲ, ಮೂರು ಕಡೆ ಕತ್ತರಿಸಿದರು.

"ಅಯ್ಯೋ ಅವ್ವಾ, ಹೊಸಾ ಹಗ್ಗ! ನಾನು ಬಿಚ್ಚಿಕೊಡ್ತಿರಲಿಲ್ವಾ?" ಎಂದರು ಯಜಮಾನರು.

"ಬಿಚ್ಚಿದ್ರೆ ಮತ್ತೆ ಕಟ್ಟಾಕೆ ಬರ್ತೈತೆ" ಎಂದರು ಅಜ್ಜಿ, ಹಾಸಿಗೆ ಹಾಸುತ್ತಾ.